ಬಚ್ಚಲ ಬಾಳೆ

ಸವಣೂರಿನ ದಾದಾಪೀರಣ್ಣ ಆ ಟ್ಯಾಂಕಿನ ಮುಚ್ಚಳ ಬಿಚ್ಚುವ ತನಕ ನಮಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಒಂದೇ ಒಲೆಯ ಮೇಲೆ ಬೇಯಿಸಿಕೊಂಡು, ಒಂದೇ ಸೂರಿನಡಿ ಉಂಡು ಮಲಗುವ ಜನ ನಾವು. ಮನೆಯ ಬೆಕ್ಕು ಒಂದು ಹೊತ್ತು ಹಾಲು ಬಿಟ್ಟರೆ ಯಾಕೆ ಬಿಟ್ಟಿತು ಎಂದು ವಿಚಾರಿಸುವವಳು ನಾನು. ಅಂಥ ನನ್ನ ಮೂಗಿನ ಕೆಳಗೇ ನಡೆದದ್ದು ನನಗೆ ತಿಳಿಯಲಿಲ್ಲವಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಹೇಳಲಾರೆ.

ನಮ್ಮೂರು ಹಿರೇಕೆರೂರು. ನನ್ನ ಗಂಡ ಶರಣು ಪೇಟೆಯಲ್ಲಿ ಗೋವಿನಜೋಳ, ಹತ್ತಿ ಹಿಡಿಯುವ ವ್ಯಾಪಾರ ಮಾಡುತ್ತಾನೆ. ಮಾವ ನಾಗಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿ ದುಡಿದು ನಿವೃತ್ತರಾದವರು. ಹಾವೇರಿ ದಾರಿಯ ತಗ್ಗು ದಿಬ್ಬವೆಲ್ಲ ಅವರಿಗೆ ಬಾಯಿಪಾಠ. ಪ್ರತಿ ಯುಗಾದಿಗೆ ಶ್ರೀಶೈಲಕ್ಕೆ ಬಿಡುತ್ತಿದ್ದ ವಿಶೇಷ ಬಸ್ಸಿನ ಡ್ಯೂಟಿಯನ್ನು ಮಾವ ತಾವೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಊರಿನ ಅರ್ಧ ಜನರನ್ನು ಮಲ್ಲಯ್ಯನ ಮುಂದೆ ಇಳಿಸಿ ಬಂದ ಮನುಷ್ಯ, ಸ್ವಂತ ಹೆಂಡತಿಯನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ. ಒಂದು ವರ್ಷ ಬಾಣಂತನ, ಒಂದು ವರ್ಷ ಎಮ್ಮೆ ಈಯುವುದಿತ್ತು, ಇನ್ನೊಂದು ವರ್ಷ ಸೀಟಿರಲಿಲ್ಲ. ಅತ್ತೆ ಸುಶೀಲವ್ವ ಪ್ರತಿ ಸಲವೂ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರೆಂದೂ ಬಾಯಿ ಬಿಟ್ಟು ಕೇಳಿದವರಲ್ಲ. ಕೇಳಿದ್ದರೆ ಮಾವನ ಎದೆಯಲ್ಲಿ ಅದು ಮುಳ್ಳಾಗಿ ಕೂರುತ್ತಿರಲಿಲ್ಲವೇನೋ.

ನಿವೃತ್ತಿಯಾದ ಮೇಲೆ ಮಾವನಿಗೆ ಒಂದು ಹುಚ್ಚು ಹಿಡಿಯಿತು. ಹಿಂದೆ ಯಾವಾಗಲೋ ಶಿಗ್ಗಾವಿಯ ಹೈವೇ ಪಕ್ಕದ ಧಾಬಾದ ಮುಂದೆ, ಕಾರಿನ ಹಿಂದೆ ಕಟ್ಟಿದ ಒಂದು ಮನೆಗಾಡಿಯನ್ನು ಅವರು ನೋಡಿದ್ದರಂತೆ. ಒಳಗೆ ಮಂಚ, ಒಲೆ, ಬಚ್ಚಲು, ಕಿಟಕಿಗೆ ಪರದೆ. ಸುಶೀಲಾಳನ್ನು ಶ್ರೀಶೈಲಕ್ಕೆ ಕರೆದೊಯ್ದರೆ ಹಾಗೆಯೇ ಕರೆದೊಯ್ಯಬೇಕು, ಅವಳು ಇನ್ನೊಬ್ಬರ ಸೀಟು ಕಾಯಬಾರದು, ಇನ್ನೊಬ್ಬರ ಮನೆಯ ಚಾಪೆಯ ಮೇಲೆ ಮಲಗಬಾರದು ಎಂದು ಹಟಕ್ಕೆ ಬಿದ್ದರು. ಸವಣೂರಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ದಾದಾಪೀರಣ್ಣ ಅವರಿಗೆ ಹಳೆಯ ಗೆಳೆಯ. ಇಬ್ಬರೂ ಕೂಡಿ ಮೊಬೈಲಿನಲ್ಲಿ ಚಿತ್ರ ನೋಡುತ್ತ, ಜಗಳಾಡುತ್ತ, ಒಂದು ಮನೆಗಾಡಿಯನ್ನು ಕಟ್ಟೇಬಿಟ್ಟರು. ನಮ್ಮ ಬೊಲೆರೊ ಹಿಂದೆ ಅದನ್ನು ಕಟ್ಟಿ ಮಾವ ಮೊದಲ ಸಲ ಪೇಟೆಯಲ್ಲಿ ಬಂದಾಗ ಸಂತೆಯ ಜನ ಕಾಯಿಪಲ್ಲೆ ಬಿಟ್ಟು ನೋಡಿದರು.

ಆ ಗಾಡಿಯ ಹೊಟ್ಟೆಯಲ್ಲಿ ಒಂದು ಟ್ಯಾಂಕು ಇತ್ತು. ಅಡುಗೆಕಟ್ಟೆಯ ಸಿಂಕಿನ ನೀರು, ಸ್ನಾನದ ನೀರು ಎರಡೂ ಒಂದೇ ಪೈಪಿನಲ್ಲಿ ಇಳಿದು ಅದರಲ್ಲಿ ತುಂಬುತ್ತಿದ್ದವು. ತುಂಬಿದಾಗ ಕೆಳಗಿನ ವಾಲ್ವು ತಿರುಗಿಸಿ ಗಟಾರದ ಹತ್ತಿರ ಬಿಡಬೇಕು. ಸಂಡಾಸಿನದು ಮಾತ್ರ ಬೇರೆ ಡಬ್ಬಿ. ಅದನ್ನು ಅಡುಗೆಯ ಜೊತೆ ಕೂಡಿಸಿದರೆ ಗಾಡಿ ಹತ್ತುವುದೇ ಇಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಟ್ಯಾಂಕಿನ ವಿಷಯ ಮಾವನಿಗೆ, ನನಗೆ ಗೊತ್ತಿತ್ತು. ಅತ್ತೆಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಅತ್ತೆಯ ಊಟದ ಪದ್ಧತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಇಷ್ಟಲಿಂಗ ಪೂಜೆಯಾಗದೆ ತುತ್ತು ಎತ್ತುವವರಲ್ಲ. ಊಟದ ತಟ್ಟೆ, ಅಂದರೆ ಗಂಗಾಳದಲ್ಲಿ ನೀಡಿಸಿಕೊಂಡದ್ದು ಅವರಿಗೆ ಪ್ರಸಾದ. ಅದರಲ್ಲಿ ಒಂದು ಅಗುಳನ್ನೂ ಬಿಡುವಂತಿಲ್ಲ. ಉಂಡಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ನೋಡಿ ಮೂಗು ಮುರಿದಿದ್ದೆ. ಈಗ ನಮ್ಮ ಮನೆಗೆ ಬಂದವರಿಗೆಲ್ಲ ನಾನೇ ಹೆಮ್ಮೆಯಿಂದ ಹೇಳುತ್ತೇನೆ: ನಮ್ಮತ್ತೆಯ ಗಂಗಾಳವನ್ನು ತಿಕ್ಕುವ ಕೆಲಸವೇ ಇಲ್ಲ, ಕನ್ನಡಿಯಂತೆ ಬರುತ್ತದೆ.

ಕಳೆದ ದಸರೆಯ ನಂತರ ಅತ್ತೆ ಒಂದು ಹರಕೆ ಹೊತ್ತರು. ಶ್ರೀಶೈಲಕ್ಕೆ ಹೋಗಿಬರುವ ತನಕ ಒಬ್ಬರೇ ಕುಳಿತು ಮೌನವಾಗಿ ಉಣ್ಣುತ್ತಾರಂತೆ. ಹರಕೆ ಎಂದ ಮೇಲೆ ನಮ್ಮ ಕಡೆ ಯಾರೂ ಯಾಕೆ ಏನು ಎಂದು ಕೇಳುವುದಿಲ್ಲ. ಪೂಜೆಯ ಮೂಲೆಗೆ ಗಂಗಾಳ ಒಯ್ಯುತ್ತಿದ್ದರು, ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು, ಸ್ವಲ್ಪ ಹೊತ್ತಿಗೆ ತೊಳೆದು ಕುಡಿದ ಗಂಗಾಳ ಹೊರಗೆ ಬರುತ್ತಿತ್ತು. ಆಮೇಲೆ ಖಾರ ಬೇಡವೆಂದರು. ರೊಟ್ಟಿ ತೆಳ್ಳಗೆ, ಮೆತ್ತಗೆ ಇರಲಿ ಎಂದರು. ನಾನು ಅವರ ಒಬ್ಬರ ಸಲುವಾಗಿ ಮೆಂತ್ಯದ ಸೊಪ್ಪು ಹಾಕಿ ಮೆದು ರೊಟ್ಟಿ ಬಡಿಯತೊಡಗಿದೆ. ಮೆಂತ್ಯ ಕಂಡರೆ ಮಾವ ಮುಖ ಸಿಂಡರಿಸುತ್ತಾರೆ, ನನಗೂ ಕಹಿ ಆಗದು. ಅತ್ತೆಯ ಕೈಯ ಹಸಿರು ಬಳೆಗಳು ಮೊಣಕೈತನಕ ಸರಿಯುವುದನ್ನು ನೋಡಿ, ವಯಸ್ಸಾಯಿತು, ಮೈ ಇಳಿಯುತ್ತದೆ ಎಂದುಕೊಂಡೆ. ಅವರು ರವಿಕೆಗೆ ಪಿನ್ನು ಹಾಕಿಕೊಂಡರೆ ನಾನು ಹೊಲಿಗೆ ಹಿಡಿಸಿ ಕೊಟ್ಟೆ. ಹೊಲಿಯುವಾಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಶಿವರಾತ್ರಿ ಮುಗಿದ ಮೇಲೆ ಮಾವ ಒಂದು ಸಣ್ಣ ಸುತ್ತು ಹಾಕಿ ಗಾಡಿಯನ್ನು ಪರೀಕ್ಷೆ ಮಾಡೋಣವೆಂದರು. ಇದರಲ್ಲಿ ಗಾಡಿ ಪಾಸಾದರೆ ಯುಗಾದಿಗೆ ಶ್ರೀಶೈಲ, ಫೇಲಾದರೆ ಮತ್ತೆ ಒಂದು ವರ್ಷ. ಆ ಮಾತಿಗೆ ಅತ್ತೆ, ಇನ್ನೊಂದು ವರ್ಷ ಬ್ಯಾಡ್ರಿ, ಈ ಯುಗಾದೀನ ಆಗಲಿ ಎಂದರು. ಎಂದೂ ಏನನ್ನೂ ಬೇಕೆಂದು ಹೇಳದ ಹೆಂಗಸು ಹಾಗೆ ಹೇಳಿದ್ದಕ್ಕೆ ಮಾವ ಹಿರಿಹಿರಿ ಹಿಗ್ಗಿದರು. ಹಿತ್ತಲಿಗೆ ಹೋಗಿ ಬಾಳೆಯ ಗೊನೆ ಕಡಿದು ಪ್ರಯಾಣಕ್ಕೆಂದು ತಂದರು.

ಆ ಬಾಳೆಯದೂ ಒಂದು ಕತೆ. ನಮ್ಮ ಬಚ್ಚಲ ನೀರು ಹೋಗುವುದು ಹಿತ್ತಲಿನ ಬಾಳೆಯ ಬುಡಕ್ಕೆ. ವರ್ಷಾನುಗಟ್ಟಲೆ ಅದು ಕಿರುಬೆರಳಿನಂಥ ಕಾಯಿ ಬಿಡುತ್ತಿತ್ತು. ಈ ವರ್ಷ ಮಾತ್ರ ಕಾಂಡ ಕಂಬದಂತಾಗಿ, ಗೊನೆ ನೆಲ ಮುಟ್ಟುವಂತೆ ಜೋತುಬಿದ್ದಿತ್ತು. ಮಾವ ಮೇಲಿನ ಚಿಪ್ಪಿನಿಂದ ನಮಗೂ ಬಂದವರಿಗೂ ಒಂದೊಂದು ಹಣ್ಣು ಕೊಟ್ಟು, ಗೊಬ್ಬರ ಹಾಕಿಲ್ಲ, ಔಷಧ ಹೊಡೆದಿಲ್ಲ, ಬರೀ ಬಚ್ಚಲ ನೀರು ನೋಡ್ರಿ ಎಂದು ಕೊಚ್ಚಿಕೊಳ್ಳುತ್ತಿದ್ದರು. ಗೊನೆ ಜಜ್ಜಿಹೋದೀತೆಂದು ಅದನ್ನು ಮನೆಗಾಡಿಯಲ್ಲಿ ಇಡದೆ ಬೊಲೆರೊದೊಳಗೆ, ನಮ್ಮ ಸೀಟಿನ ಬೆನ್ನಿಗೆ ತೂಗುಹಾಕಿದರು.

ಶರಣು ವ್ಯಾಪಾರ ಬಿಟ್ಟು ಬರಲಾಗದೆ ಊರಲ್ಲೇ ಉಳಿದ, ಹೊರಟವರು ನಾವು ಮೂವರೇ. ಮೊದಲ ವಸ್ತಿ ರಟ್ಟೀಹಳ್ಳಿ. ಕದಂಬೇಶ್ವರನ ದರ್ಶನ ಮಾಡಿಕೊಂಡು, ಗುಡಿಯಿಂದ ಸ್ವಲ್ಪ ದೂರ ಗಾಡಿ ನಿಲ್ಲಿಸಿ ಅಡುಗೆ ಮಾಡಿದೆ. ಅತ್ತೆ ಗಾಡಿಯ ಹಿಂಭಾಗದಲ್ಲಿ, ಬಚ್ಚಲ ಪಕ್ಕದ ಮೂಲೆಯಲ್ಲಿ ಪರದೆ ಎಳೆದುಕೊಂಡು ಪೂಜೆಗೆ, ಊಟಕ್ಕೆ ಕುಳಿತರು. ಆ ದಿನ ನೀರು ಸರಾಗವಾಗಿ ಇಳಿಯಿತು. ಅಲ್ಲಿಂದ ಹಾನಗಲ್ಲಿಗೆ ಹೋಗಿ ತಾರಕೇಶ್ವರನ ಗುಡಿ ನೋಡಿದೆವು, ಆನೆಕೆರೆಯ ದಂಡೆಯ ಗಾಳಿಯಲ್ಲಿ ಎರಡು ದಿನ ಇದ್ದೆವು. ಮಾವ ಅತ್ತೆಗೆ ಹಾಡು ಹಚ್ಚಿಕೊಡುವುದೇನು, ಕಿಟಕಿ ತೆರೆದು ಕೆರೆ ತೋರಿಸುವುದೇನು. ಈ ವಯಸ್ಸಿನಲ್ಲಿ ಹೊಸ ಮದುಮಗನ ಚಾಳಿ ಎಂದು ನಾನು ಅತ್ತೆಯ ಕಿವಿಯಲ್ಲಿ ಹೇಳಿದರೆ ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಲ್ಲಿಯೇ ಸಿಂಕಿನ ನೀರು ನಿಧಾನವಾಗತೊಡಗಿತ್ತು. ಹೊಸ ಗಾಡಿ, ಹೊಸ ಪೈಪು, ಹೊಂದಿಕೊಳ್ಳುತ್ತದೆ ಎಂದು ಮಾವ ತಳ್ಳಿಹಾಕಿದರು.

ಶಿಗ್ಗಾವಿಗೆ ಬಂದಾಗ ಕೆಟ್ಟಿತು. ಊರ ಹೊರಗೆ ಮಾವನ ಜೊತೆ ಕಂಡಕ್ಟರ್ ಆಗಿದ್ದ ಬೀರಪ್ಪನವರ ಮನೆ. ಅವರ ಅಂಗಳದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ್ದೆವು. ಬೆಳಿಗ್ಗೆ ನಾನು ಸ್ನಾನಕ್ಕೆ ನಿಂತರೆ ಹಾಕಿಕೊಂಡ ನೀರು ಇಳಿಯಲಿಲ್ಲ. ಇಳಿಯುವುದಿರಲಿ, ಕೆಳಗಿನಿಂದ ಗುಳುಗುಳು ಸದ್ದು ಮಾಡುತ್ತ ಬೂದು ಬಣ್ಣದ ನೀರು ಮೇಲೆದ್ದು ನನ್ನ ಹಿಮ್ಮಡಿಗೆ ತಾಗಿತು. ನಾನು ಚೀರಿಕೊಂಡು ಸೀರೆ ಸುತ್ತಿಕೊಂಡು ಹೊರಗೆ ಹಾರಿದೆ. ಜೊತೆಗೇ ಒಂದು ವಾಸನೆ ಎದ್ದಿತು. ಅದು ಗಟಾರದ ವಾಸನೆಯಲ್ಲ. ಮುಚ್ಚಿಟ್ಟು ಮರೆತ ಹಿಟ್ಟು ಹುಳಿಯಾಗಿ ಉಕ್ಕಿದರೆ ಬರುತ್ತದಲ್ಲ, ಅಂಥ ವಾಸನೆ. ಬಚ್ಚಲಿನಿಂದ ಹಿಟ್ಟಿನ ವಾಸನೆ ಹೇಗೆ ಬಂತು ಎಂದು ನನಗೆ ತಿಳಿಯಲಿಲ್ಲ.

ಮಾವ ದಾದಾಪೀರಣ್ಣನಿಗೆ ವಿಡಿಯೋ ಕಾಲ್ ಹಚ್ಚಿದರು. ಅವನು ಅಲ್ಲಿಂದಲೇ ಒಂದೊಂದಾಗಿ ಹೇಳಿದ, ಇವರು ಇಲ್ಲಿ ಮಾಡಿದರು. ಮೊದಲು ಸಿಂಕಿನ ಕೆಳಗಿನ ಬಾಗಿದ ಪೈಪು ಬಿಚ್ಚಿದರು. ಅದು ಸ್ವಚ್ಛವಾಗಿತ್ತು. ಇರಲೇಬೇಕು, ಸಿಂಕಿನ ಬಾಯಿಗೆ ನಾನು ಜಾಳಿಗೆ ಕೂರಿಸಿ, ಸಾಸಿವೆ ಕಾಳೂ ಹೋಗದಂತೆ ನೋಡಿಕೊಂಡಿದ್ದೆ. ಆಮೇಲೆ ಮಾಡಿನ ಮೇಲಿನ ಗಾಳಿ ಕೊಳವೆ ನೋಡಿರಿ ಎಂದ. ಅದು ಮುಚ್ಚಿದರೆ ಟ್ಯಾಂಕಿನೊಳಗಿನ ಗಾಳಿಗೆ ಹೊರಬೀಳಲು ದಾರಿಯಿಲ್ಲದೆ ನೀರು ಇಳಿಯುವುದಿಲ್ಲವಂತೆ. ಬೀರಪ್ಪನವರು ಲುಂಗಿ ಕಟ್ಟಿ ಏಣಿ ಹತ್ತಿದರು. ಕೊಳವೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಕಡ್ಡಿಯಿಂದ ಕೆದರಿ ತೆಗೆದಾಗ ಕೆಳಗೆ ಗುಳುಕ್ಕೆಂದು ಸದ್ದಾಯಿತು, ಬಚ್ಚಲ ನೀರು ಎರಡು ಬೆರಳು ಇಳಿಯಿತು. ಮಾವ ಗೆದ್ದ ಪೈಲ್ವಾನನಂತೆ ತೊಡೆ ತಟ್ಟಿದರು. ಎರಡು ಬೆರಳಿಗೇ ನೀರು ನಿಂತಿತು.

ಮುಂದೆ ಬೀರಪ್ಪನವರ ಮನೆಮದ್ದು ಶುರುವಾಯಿತು. ಕುದಿನೀರು ಹೊಯ್ದರು, ಅಡುಗೆ ಸೋಡಾ ಸುರಿದರು, ನಿಂಬೆಹಣ್ಣು ಹಿಂಡಿದರು. ಗಾಡಿಗೆ ಕಟ್ಟಿದ ನಿಂಬೆಹಣ್ಣನ್ನೂ ಬಿಡಲಿಲ್ಲ. ವಾಲ್ವು ಪೂರ್ತಿ ತೆರೆದರೆ ಹನಿಹನಿ ಜಿನುಗುತ್ತಿತ್ತು. ಒಳಗೆ ತಂತಿ ಹಾಕಿ ತಿವಿದರೆ ಅದು ಮೆತ್ತಗಿನ ಏನಕ್ಕೋ ತಾಗಿ ನಿಲ್ಲುತ್ತಿತ್ತು.

ಇಷ್ಟೂ ಹೊತ್ತು ಅತ್ತೆ ಬೇವಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಟ್ಯಾಂಕು ತುಂಬಿದೆ, ಟ್ಯಾಂಕು ತೆಗೆಯಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಎದ್ದು ನನ್ನ ಹತ್ತಿರ ಬಂದರು.

"ಕೆಳಗ ಟ್ಯಾಂಕ್ ಐತೇನು?" ಎಂದು ಕೇಳಿದರು. "ನೀರ ನೆಲಕ್ಕ ಹೋಗೂದಿಲ್ಲೇನು?"

ಇಲ್ಲ, ಎಲ್ಲ ಅದರಲ್ಲೇ ತುಂಬುತ್ತದೆ ಎಂದೆ. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಬಿಸಿಲಿಗೆ ಇರಬೇಕೆಂದು ನಾನು ನೀರು ಕೊಟ್ಟೆ. ನೀರು ಕುಡಿದು, ಯಾರೂ ಕೈ ಹಚ್ಚಬೇಡಿ, ಊರಿಗೆ ಹೋದ ಮೇಲೆ ನಾನೇ ತೊಳೆಯುತ್ತೇನೆ ಎಂದು ಹಟ ಹಿಡಿದರು. ಹೆಂಗಸರು ಸ್ನಾನ ಮಾಡಿದ ನೀರನ್ನು ಗಂಡಸರು ಕೆದಕುವುದು ಅವರಿಗೆ ಸಂಕೋಚವಾಗಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಮಾವನಿಗೆ ಸಿಟ್ಟು ಬಂತು. ಯುಗಾದಿ ಎದುರಿಗೆ ಬಂದು ನಿಂತಿದೆ, ಇದು ಸರಿಯಾಗದೆ ಶ್ರೀಶೈಲದ ಹೆಸರು ಎತ್ತಬೇಡ ಎಂದು ಗದರಿದರು. ಅತ್ತೆ ತಿರುಗಿ ಕುರ್ಚಿಗೆ ಹೋಗಿ ಕುಳಿತರು.

ಟ್ಯಾಂಕಿಗೆ ಇನ್ನೆರಡು ಚರಿಗೆ ಬಿಸಿನೀರು, ಸೋಪಿನ ಪುಡಿ ಹಾಕಿಕೊಂಡು ನಿಧಾನವಾಗಿ ಸವಣೂರಿಗೆ ಬರ್ರಿ, ದಾರಿಯ ಕುಲುಕಾಟಕ್ಕೆ ಗಟ್ಟಿಯಾದದ್ದು ಸಡಿಲಾಗುತ್ತದೆ, ಇಲ್ಲಿ ಬಿಚ್ಚಿ ನೋಡೋಣ ಎಂದು ದಾದಾಪೀರಣ್ಣ ಹೇಳಿದ. ಬೇಕಾದ ತಗ್ಗುಗಳು ದಾರಿಯಲ್ಲಿ ಬೇಕಾದಷ್ಟಿದ್ದವು. ಅತ್ತೆ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅವರ ಕೈ ನನ್ನ ಕೈಯೊಳಗೇ ಇತ್ತು. ಹಕ್ಕಿಯ ಕಾಲು ಹಿಡಿದಂತಿತ್ತು, ಬರೀ ಎಲುಬು.

ದಾದಾಪೀರಣ್ಣನ ಶೆಡ್ಡು ಸವಣೂರಿಗೆ ಹೋಗುವ ಮೊದಲೇ ಸಿಗುತ್ತದೆ. ಅವನ ಹೆಂಡತಿ ಬಾನುಬಿ ಚಹಾ ಮಾಡಿಕೊಂಡು ಕಾದಿದ್ದಳು. ಅತ್ತೆಯನ್ನು ಹಗ್ಗದ ಹೊರಸಿನ ಮೇಲೆ ಕೂರಿಸಿ, ಅವರಿಗೆ ಇಷ್ಟವೆಂದು ಸವಣೂರಿನ ವೀಳ್ಯದೆಲೆಯ ಕಟ್ಟನ್ನೇ ಮುಂದಿಟ್ಟಳು. ಅತ್ತೆ ಒಂದು ಎಲೆ ತೆಗೆದು, ತೊಟ್ಟು ಚಿವುಟಿ, ಕೈಯಲ್ಲೇ ಹಿಡಿದುಕೊಂಡರು.

ದಾದಾಪೀರಣ್ಣ ಗಾಡಿಯ ಕೆಳಗೆ ನುಸುಳಿ ಬೆರಳಿನಿಂದ ಟ್ಯಾಂಕು ಬಡಿದು ನೋಡಿದ. ಹೊರಗೆ ಬಂದು, ಬಹಳ ನಯವಾಗಿ, ಸಿಂಕಿನಲ್ಲಿ ಅನ್ನ ಗಿನ್ನ ಹೋಗುತ್ತದೇನು ಅಕ್ಕಾರ ಎಂದು ನನ್ನನ್ನು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಲ್ಲ ನಾನು; ನೇರವಾಗಿ ಜಗಳಕ್ಕೇ ನಿಂತೆ. ನನ್ನ ಅಡುಗೆಮನೆಯ ಬಗ್ಗೆ ಏನಾದರೂ ಅಂದವರನ್ನು ನಾನು ಸುಮ್ಮನೆ ಬಿಟ್ಟದ್ದಿಲ್ಲ.

"ನಮ್ಮ ಮನ್ಯಾಗ ಒಂದ ಅಗಳ ದಂಡ ಆಗೂದಿಲ್ಲ, ದಾದಾಪೀರಣ್ಣ. ನಮ್ಮ ಅತ್ತಿ ಗಂಗಾಳ ತೊಳದು ಆ ನೀರೂ ಕುಡೀತಾರ. ಬೇಕಾರ ಅವರನ್ನ ಕೇಳು."

ಅತ್ತೆ ತಲೆ ಎತ್ತಲಿಲ್ಲ. ದಾದಾಪೀರಣ್ಣ ಟ್ಯಾಂಕಿನ ಒಂದು ಮಗ್ಗುಲಿಗಿದ್ದ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿದ. ವಾಲ್ವಿಗೆ ಏನೂ ಸಿಗದಿರಲೆಂದು ಅವನೇ ಒಳಗೆ ಒಂದು ಜಾಳಿಗೆ ಕೂರಿಸಿದ್ದನಂತೆ. ಅಡ್ಡಬಿದ್ದದ್ದು ಏನೇ ಇದ್ದರೂ ಅಲ್ಲಿಯೇ ನಿಂತಿರುತ್ತದೆ ಎಂದ. ಕೆಳಗೆ ದೊಡ್ಡ ಬುಟ್ಟಿ ಇಟ್ಟು ಮುಚ್ಚಳ ಸರಿಸಿದ. ಮೊದಲು ಬೂದು ನೀರು ಭುಸ್ಸೆಂದು ಬಂತು. ಹುಳಿ ವಾಸನೆಗೆ ಬಾನುಬಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ಅವನು ಬಾಗಿದ ಸಲಾಕೆಯಿಂದ ಒಳಗೆ ಎಳೆದ. ಗಂಜಿಯಂಥದ್ದು ಮುದ್ದೆಮುದ್ದೆಯಾಗಿ ಬುಟ್ಟಿಗೆ ಬಿತ್ತು. ಇನ್ನೊಮ್ಮೆ ಎಳೆದ, ಮತ್ತೆ ಬಿತ್ತು. ಬುಟ್ಟಿ ತುಂಬುತ್ತ ಬಂದರೂ ಅದು ಮುಗಿಯಲಿಲ್ಲ.

ದಾದಾಪೀರಣ್ಣ ಕೈ ನಿಲ್ಲಿಸಿ ಮಾವನ ಮುಖ ನೋಡಿದ.

"ರೊಟ್ಟಿ ಐತ್ರಿ ಇದು," ಎಂದ.

ಸುಳ್ಳು ಎಂದು ನಾನು ಮುಂದೆ ಹೋಗಿ ಬಗ್ಗಿದೆ. ಅನ್ನದ ಅಗುಳು, ಬೇಳೆ, ರೊಟ್ಟಿ. ರೊಟ್ಟಿಯ ತುಣುಕುಗಳಲ್ಲಿ ಹಸಿರು ಚುಕ್ಕೆ. ನಾನೇ ಹಚ್ಚಿದ ಮೆಂತ್ಯದ ಸೊಪ್ಪು, ನಾನೇ ಬಡಿದ ರೊಟ್ಟಿ. ಅದನ್ನು ಮಾವ ತಿನ್ನುವುದಿಲ್ಲ, ನಾನು ತಿನ್ನುವುದಿಲ್ಲ. ಇಡೀ ಗಾಡಿಯಲ್ಲಿ ಅದನ್ನು ತಿನ್ನುವವರು ಒಬ್ಬರೇ. ಗಾಡಿಯ ಗಾಲಿ ಹಿಡಿದುಕೊಂಡು ನಿಂತೆ. ಪ್ರಸಾದವನ್ನು ಬಚ್ಚಲಿಗೆ ಚೆಲ್ಲಿದ್ದಾರೆ. ಬೇರೆ ಯಾರೋ ಅಲ್ಲ, ಗಂಗಾಳ ತೊಳೆದ ನೀರು ಕುಡಿಯುವ ನಮ್ಮತ್ತೆ. ಇದಕ್ಕಿಂತ ಅವರು ಕಳವು ಮಾಡಿದ್ದಾರೆ ಎಂದಿದ್ದರೆ ನಾನು ಬೇಗ ನಂಬುತ್ತಿದ್ದೆ.

ಮಾವ ಬುಟ್ಟಿಗೆ ಬರಿಗೈ ಹಾಕಿ ಒಂದು ತುಣುಕು ಎತ್ತಿದರು. ಅಂಗೈ ಮೇಲೆ ಇಟ್ಟುಕೊಂಡು ಬೆರಳಿನಿಂದ ಬಿಡಿಸಿ ನೋಡಿದರು. ಅದು ಮುರಿದ ರೊಟ್ಟಿಯಲ್ಲ. ಅಗಿದು ಅಗಿದು, ನುಂಗದೆ ಉಗುಳಿದ್ದು. ಅದನ್ನು ಕಂಡದ್ದೇ ನನ್ನ ಸಿಟ್ಟಿನ ಜಾಗದಲ್ಲಿ ಭಯ ಬಂದು ಕುಳಿತಿತು. ಚೆಲ್ಲುವವರು ಅಗಿಯುವುದಿಲ್ಲ. ಉಣ್ಣಬೇಕೆಂದು ಬಾಯಿಗೆ ಹಾಕಿಕೊಂಡವರಷ್ಟೇ ಅಗಿಯುತ್ತಾರೆ.

ಎಲ್ಲರೂ ಹೊರಸಿನ ಕಡೆ ತಿರುಗಿದೆವು. ಬಾನುಬಿ ಆಗಲೇ ಅತ್ತೆಯ ಬೆನ್ನ ಮೇಲೆ ಕೈ ಇಟ್ಟಿದ್ದಳು. ಅತ್ತೆಯ ಕೈಯಲ್ಲಿ ಆ ಎಲೆ ಹಾಗೆಯೇ ಇತ್ತು.

ಮಾವನದು ದೊಡ್ಡ ಗಂಟಲು. ಬಸ್ ಸ್ಟ್ಯಾಂಡಿನ ಈ ತುದಿಯಿಂದ ಕೂಗಿದರೆ ಆ ತುದಿಯವರು ಚೀಲ ಎತ್ತಿಕೊಳ್ಳುತ್ತಿದ್ದರು. ಆ ಮನುಷ್ಯ ಅತ್ತೆಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಮೆಲ್ಲಗೆ ಕೇಳಿದರು.

"ಸುಶೀಲಾ, ಏನಾಗೇತಿ ನಿನಗ?"

"ಗಂಟಲದಾಗ ಇಳೀವಲ್ಲದ್ರಿ," ಎಂದರು ಅತ್ತೆ. "ನೀರ ಇಳೀತಾವ, ಮಜ್ಜಗಿ ಇಳೀತೈತಿ. ತುತ್ತ ಒಳಗ ಹೋಗವಲ್ಲದು. ಅಗದು ಅಗದು ನೋಡತೇನಿ, ಎದೀಗೆ ಬಂದು ನಿಂದರತೈತಿ."

ಗಂಗಾಳ ತೊಳೆದು ಕುಡಿಯುತ್ತಿದ್ದ ಆ ನೀರೇ ಅವರ ಊಟವಾಗಿತ್ತು. ನಾನು ನೋಡಿ ಹೆಮ್ಮೆಪಡುತ್ತಿದ್ದ ಆ ಕನ್ನಡಿಯಂಥ ಗಂಗಾಳದಲ್ಲಿ ಅವರ ಹೊಟ್ಟೆಗೆ ಹೋದದ್ದು ಅದೊಂದೇ. ಮೌನದ ಹರಕೆ, ಪರದೆ, ಮುಂದೆ ಮಾಡಿದ ಬಾಗಿಲು ಎಲ್ಲವೂ ನನಗೆ ಒಮ್ಮೆಲೇ ತಿಳಿದವು. ನಾನು ತಡೆಯದೆ ಬಾಯಿಗೆ ಬಂದಂತೆ ಅಂದೆ. ಹೇಳಲು ಏನಾಗಿತ್ತು, ನಾವೇನು ಸತ್ತಿದ್ದೆವಾ, ಮಗ ಇಲ್ಲವಾ, ಸೊಸೆ ಇಲ್ಲವಾ, ದಿನಾ ಮೆದು ರೊಟ್ಟಿ ಬೇಕೆಂದು ನನ್ನ ಕೈಯಿಂದ ಬಡಿಸಿಕೊಂಡು ಬಚ್ಚಲಿಗೆ ಹಾಕುತ್ತಿದ್ದಿರಾ ಎಂದು ಚೀರಿದೆ. ಚೀರುತ್ತ ಅಳತೊಡಗಿದೆ. ಬಾನುಬಿ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು.

ಅತ್ತೆ ನನ್ನ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ. ಮಾವನನ್ನೇ ನೋಡುತ್ತಿದ್ದರು.

"ಹೇಳಿದ್ನೆಂದ್ರ ನೀವು ದವಾಖಾನಿಗೆ ಎಳಕೊಂಡು ಹೋಗತಿದ್ರಿ. ಗಾಡಿ ಹಂಗ ನಿಲ್ಲತಿತ್ತು. ಇಷ್ಟ ಆಸೆ ಮಾಡಿ ಕಟ್ಟೀರಿ. ಯುಗಾದಿ ಒಂದ ಮುಗೀಲಿ, ಮಲ್ಲಯ್ಯನ್ನ ನಿಮ್ಮ ಕೂಡ ನೋಡಿ ಬಂದ ಮ್ಯಾಲ ಹೇಳಿದ್ರಾತು ಅಂತ ಇದ್ನಿ."

ಎಂದಿನಿಂದ ಹೀಗಿದೆ ಎಂದು ಮಾವ ಕೇಳಿದರು. ಈಗೀಗ ಎಂದರು ಅತ್ತೆ. ನಾವೆಲ್ಲ ಅದನ್ನು ನಂಬಿದೆವು. ಈ ಪ್ರಯಾಣದಲ್ಲಿ, ಬಹಳವಾದರೆ ಶಿವರಾತ್ರಿಯ ಉಪವಾಸದಿಂದ ಈಚೆಗೆ ಎಂದುಕೊಂಡೆವು. ಹಾಗೆ ಅಂದುಕೊಳ್ಳುವುದು ನಮಗೂ ಬೇಕಾಗಿತ್ತು.

ಮಾವ ಎದ್ದರು. ಬೊಲೆರೊದ ಹಿಂದೆ ಹೋಗಿ, ಮನೆಗಾಡಿಯ ಕೊಂಡಿಯನ್ನು ಬಿಚ್ಚತೊಡಗಿದರು. ದಾದಾಪೀರಣ್ಣ ಕೈ ತೊಳೆದು ಸಹಾಯಕ್ಕೆ ಬಂದರೆ, ಬೇಡವೆಂದು ಸರಿಸಿದರು. ಆ ಕೊಂಡಿಯನ್ನು ಅವರು ದಿನಾ ಎಣ್ಣೆ ಹಾಕಿ ಒರೆಸುತ್ತಿದ್ದರು, ಬೇರೆಯವರು ಮುಟ್ಟಿದರೆ ಬೈಯುತ್ತಿದ್ದರು. ಈಗ ಅದನ್ನು ಕಳಚಿ ನೆಲಕ್ಕೆ ಬಿಟ್ಟರು. ಗಾಡಿ ಮೂತಿ ಮಣ್ಣಿಗೆ ಊರಿ ನಿಂತಿತು. ಅವರು ತಿರುಗಿಯೂ ನೋಡಲಿಲ್ಲ. ಟ್ಯಾಂಕಿನ ಬಾಯಿ ಇನ್ನೂ ತೆರೆದೇ ಇತ್ತು.

"ಗಾಡಿ ಬಿಟ್ಟು ಹೊಂಟೀರೇನ್ರಿ?" ಎಂದು ಅತ್ತೆ ಕೇಳಿದರು.

"ಕುಂದರ ಒಳಗ," ಎಂದರು ಮಾವ. "ಹುಬ್ಬಳ್ಳಿಗೆ ಹೋಗೂಣು."

ಬಾನುಬಿ ಒಂದು ಬಾಟಲಿಯಲ್ಲಿ ಮಜ್ಜಿಗೆ ತುಂಬಿ ನನ್ನ ಮಡಿಲಿಗೆ ಹಾಕಿದಳು. ಶರಣುವಿಗೆ ಫೋನು ಮಾಡಿ ನೇರವಾಗಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಬಾ ಎಂದೆ. ಅವನು ಏನು, ಎತ್ತ ಎಂದು ಕೇಳಿದ. ಅವ್ವಗೆ ಊಟ ಇಳಿಯುತ್ತಿಲ್ಲ ಎಂದಷ್ಟೇ ಹೇಳಿದೆ. ಅವ್ವ ದಿನಾ ಉಣ್ಣುತ್ತಾಳಲ್ಲ ಎಂದ. ನಾನು ಫೋನು ಇಟ್ಟುಬಿಟ್ಟೆ.

ಬೊಲೆರೊ ಹೊರಟಿತು. ಹಿಂದೆ ಎಳೆಯಲು ಏನೂ ಇಲ್ಲದ್ದರಿಂದ ಅದು ಹಗುರಾಗಿ ಹಾರುತ್ತಿತ್ತು. ಜೀವನಪೂರ್ತಿ ವೇಗದ ಮಿತಿ ದಾಟಬಾರದೆಂದು ಬೇರೆಯವರಿಗೆ ಉಪದೇಶ ಮಾಡಿದ ಮಾವ, ಲಾರಿಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತಿದ್ದರು. ಅತ್ತೆ ನನ್ನ ಹೆಗಲಿಗೆ ಒರಗಿದ್ದರು. ಪ್ರತಿ ತಗ್ಗಿಗೂ ನಮ್ಮ ಸೀಟಿನ ಹಿಂದೆ ತೂಗುಹಾಕಿದ್ದ ಬಾಳೆಯ ಗೊನೆ ಅತ್ತಿತ್ತ ಓಲಾಡಿ ನನ್ನ ಭುಜಕ್ಕೆ ಬಡಿಯುತ್ತಿತ್ತು. ಎರಡು ಮೂರು ಸಲ ಅದನ್ನು ಕೈಯಿಂದ ಹಿಂದಕ್ಕೆ ತಳ್ಳಿದೆ. ನಾಲ್ಕನೆಯ ಸಲ ತಳ್ಳಲು ಹೋದ ಕೈ ಅಲ್ಲೇ ನಿಂತಿತು.

ಗೊಬ್ಬರ ಹಾಕಿಲ್ಲ, ಔಷಧ ಹೊಡೆದಿಲ್ಲ, ಬರೀ ಬಚ್ಚಲ ನೀರು.

ಆ ಗಿಡ ಎಂದಿನಿಂದ ದಪ್ಪಗಾಯಿತು ಎಂದು ನೆನಪು ಮಾಡಿಕೊಂಡೆ. ದೀಪಾವಳಿಗೆ ಹೂ ಬಿಟ್ಟಿತ್ತು. ಅದರ ಹಿಂದೆಯೇ ಬುಡದಲ್ಲಿ ಗುಬ್ಬಿ, ಕಾಗೆ, ಪಕ್ಕದ ಮನೆಯ ಕೋಳಿ ದಿನಾ ಕೆದರುತ್ತಿದ್ದವು. ನಾನೇ ಕಲ್ಲು ಎಸೆದು ಓಡಿಸಿದ್ದೆ. ಮೌನದ ಹರಕೆ ದಸರೆಯದು. ನಮ್ಮ ಮನೆಯ ಪೂಜೆಯ ಮೂಲೆಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ, ಅದಕ್ಕೊಂದು ಒಳಬಾಗಿಲು. ಮುಂದೆ ಕುಳಿತ ಮಾವನಿಗೆ ಕೇಳಿಸದಂತೆ ಅತ್ತೆಯ ಕಿವಿಗೆ ಬಾಯಿ ಹಚ್ಚಿದೆ.

"ಅತ್ತಿ, ಮನ್ಯಾಗೂ ಬಚ್ಚಲಕ್ಕ ಹಾಕತಿದ್ರೇನ್ರಿ?"

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಇಷ್ಟು ದಿನ ಪ್ರಸಾದ ಚೆಲ್ಲಿದ ಪಾಪ ಅವರನ್ನು ಕಾಡಿತ್ತು ಎಂದು ಆ ಕಣ್ಣು ನೋಡಿ ತಿಳಿಯಿತು. ಅದಕ್ಕೊಂದು ಸಮಾಧಾನವನ್ನೂ ಅವರು ಕಂಡುಕೊಂಡಿದ್ದರು. ಬಳೆ ಸರಿದ ಆ ಸಣ್ಣ ಕೈಯನ್ನು ಹಿಂದಕ್ಕೆ ಚಾಚಿ, ಓಲಾಡುತ್ತಿದ್ದ ಗೊನೆಯನ್ನು ನಿಲ್ಲಿಸಿದರು.

"ದಂಡ ಆಗಿಲ್ಲವ್ವಾ," ಎಂದರು. "ನೀವೆಲ್ಲಾರೂ ತಿಂದೀರಲ್ಲ."

ಕನ್ನಡಿಯಲ್ಲಿ ಮಾವನ ಕಣ್ಣುಗಳು ನಮ್ಮ ಕಡೆಗೇ ಇದ್ದವು. ಅವರಿಗೆ ಕೇಳಿಸಿತ್ತು. ಅವರು ಹಾರ್ನಿನ ಮೇಲೆ ಕೈ ಊರಿದರು, ಹುಬ್ಬಳ್ಳಿ ಬರುವ ತನಕ ಆ ಕೈ ತೆಗೆಯಲಿಲ್ಲ.